ಹಸಿರು ಚುಕ್ಕೆ, ಕಂದು ತ್ರಿಕೋನ

ಬಿಸ್ಕೆಟ್, ನೂಡಲ್ಸ್, ಚಿಪ್ಸ್, ಯಾವ ಪ್ಯಾಕೆಟ್ ಬೇಕಾದರೂ ಕೈಗೆತ್ತಿಕೊಳ್ಳಿ. ಅದರ ಮೇಲೆ ಎಲ್ಲೋ ಒಂದು ಕಡೆ ಪುಟ್ಟ ಚೌಕ ಇರುತ್ತದೆ. ಒಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೂ ಮೊದಲು ಅಂಥದ್ದೇ ಚೌಕ, ಅಂಥದ್ದೇ ಚುಕ್ಕೆ ಇತ್ತು. ಬಣ್ಣ ಮಾತ್ರ ಕಂದು. ಈಗ ಆ ಕಂದು ಚುಕ್ಕೆ ಹೋಗಿ ಅದರ ಜಾಗಕ್ಕೆ ಕಂದು ತ್ರಿಕೋನ ಬಂದಿದೆ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2020ರ ಲೇಬಲ್ ನಿಯಮಗಳಲ್ಲಿ ಮಾಡಿದ ಬದಲಾವಣೆ ಇದು. ತುಂಬಾ ಜನ ಇದನ್ನು ಗಮನಿಸಿಯೇ ಇಲ್ಲ. ಗಮನಿಸಬೇಕಾದ ಗರಜೂ ಅವರಿಗಿರಲಿಲ್ಲ.

ನನಗಿತ್ತು. ನನ್ನ ಕಣ್ಣಿಗೆ ಆ ಹಸಿರೂ ಆ ಕಂದೂ ಹೆಚ್ಚುಕಮ್ಮಿ ಒಂದೇ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಮೊಟ್ಟೆ ಹಾಕಿದ ಕೇಕಿಗೂ ಕಂದು ಗುರುತೇ ಬೀಳುತ್ತದೆ. ಹಾಗಾಗಿ ಅಂಗಡಿಯಲ್ಲಿ ಪ್ಯಾಕೆಟ್ ಎತ್ತಿ, 'ಇದು ಹಸಿರಾ ನೋಡಿ ಸ್ವಲ್ಪ' ಅಂತ ಕೇಳುವುದು ರೂಢಿಯಾಗಿತ್ತು. ಅಂಗಡಿಯವರು ಒಂದ್ಸಲ ಚುಕ್ಕೆ ನೋಡುತ್ತಾರೆ, ಒಂದ್ಸಲ ನನ್ನ ಮುಖ ನೋಡುತ್ತಾರೆ. ಕನ್ನಡಕ ಇಲ್ಲ, ವಯಸ್ಸೂ ಅಂಥದ್ದೇನಲ್ಲ, ಮತ್ತೇನಪ್ಪಾ ಇವನಿಗೆ ಅನ್ನುವ ನೋಟ. ತ್ರಿಕೋನ ಬಂದ ಮೇಲೆ ಈ ನಾಟಕ ನಿಂತಿದೆ.

ಇಲ್ಲಿ ನನಗೆ ಇಷ್ಟವಾದದ್ದು ಇಷ್ಟು: ಯಾರೂ ಬಣ್ಣವನ್ನು ತೆಗೆದುಹಾಕಲಿಲ್ಲ. ಹಸಿರು ಹಸಿರಾಗಿಯೇ ಇದೆ, ಕಂದು ಕಂದಾಗಿಯೇ ಇದೆ. ಬಣ್ಣದ ಜೊತೆಗೆ ಆಕಾರವೂ ಮಾತಾಡುವ ಹಾಗೆ ಮಾಡಿದರು. ಖರ್ಚೂ ದೊಡ್ಡದಲ್ಲ. ನನ್ನಂಥವರ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಂಥ ಒಂದು ತ್ರಿಕೋನ ಸಿಗದೇ ಇರುವುದರಿಂದಲೇ ಆಗುವಂಥದ್ದು.

ಬಣ್ಣಗುರುಡು ಅಂದ ಕೂಡಲೇ ಜನ ಕಪ್ಪು-ಬಿಳುಪು ಸಿನಿಮಾ ಊಹಿಸಿಕೊಳ್ಳುತ್ತಾರೆ. ಹಾಗೆ ಯಾವ ಬಣ್ಣವೂ ಕಾಣದವರು ಇದ್ದಾರೆ, ಆದರೆ ತೀರಾ ಅಪರೂಪ. ಪೆಸಿಫಿಕ್ ಸಾಗರದಲ್ಲಿ ಪಿಂಗೆಲಾಪ್ ಅನ್ನುವ ಸಣ್ಣ ದ್ವೀಪವಿದೆ. 1775ರ ಸುಮಾರಿಗೆ ಅಲ್ಲಿ ಭಾರೀ ಚಂಡಮಾರುತ ಬೀಸಿ ಕೆಲವೇ ಜನ ಉಳಿದರು. ಉಳಿದವರಲ್ಲಿ ಒಬ್ಬರಲ್ಲಿದ್ದ ದೋಷ ಮುಂದಿನ ತಲೆಮಾರುಗಳಿಗೆ ಹರಡಿತು. ಹಾಗಾಗಿ ಅಲ್ಲಿ ಇಂಥವರ ಸಂಖ್ಯೆ ಬೇರೆಲ್ಲ ಕಡೆಗಿಂತ ಬಹಳ ಜಾಸ್ತಿ. ಅವರಿಗೆ ಹಗಲಿನ ಬೆಳಕೇ ಸಹಿಸಲಾಗುವುದಿಲ್ಲ. ನನ್ನದು ಆ ಲೆಕ್ಕದ್ದಲ್ಲ.

ನನಗೆ ಆಕಾಶ ನೀಲಿಯಾಗಿಯೇ ಕಾಣುತ್ತದೆ. ಅರಿಸಿನ, ಚೆಂಡು ಹೂವು ಝಗ್ ಅಂತ ಕಣ್ಣಿಗೆ ಹೊಡೆಯುತ್ತವೆ. ಎಡವಟ್ಟು ಇರುವುದು ಕೆಂಪು-ಹಸಿರಿನ ನಡುವೆ. ಹಸಿರು, ಕಂದು, ಮಂಕು ಕಿತ್ತಳೆ ಒಂದರೊಳಗೊಂದು ಕಲೆತು ಹೋಗುತ್ತವೆ. ತಿಳಿ ಗುಲಾಬಿಯೂ ಬೂದುಬಣ್ಣವೂ ಅಣ್ಣ-ತಮ್ಮ. ನೇರಳೆ ಅನ್ನುವುದು ನನ್ನ ಪಾಲಿಗೆ ನೀಲಿಯ ಇನ್ನೊಂದು ಹೆಸರು. ಮಾವಿನ ಚಿಗುರು ನೋಡಿ 'ಎಷ್ಟು ಕೆಂಪಗಿದೆ' ಅಂತ ಹೆಂಡತಿ ಹೇಳಿದಾಗ, ಎಲೆ ಎಳೆಯದು ಅನ್ನುವುದು ಅದು ಜೋತು ಬಿದ್ದಿರುವ ರೀತಿಯಿಂದ ನನಗೆ ಗೊತ್ತಾಗುತ್ತದೆ, ಬಣ್ಣದಿಂದ ಅಲ್ಲ. ಬೀನ್ಸ್ ಪಲ್ಯದಲ್ಲಿ ಹಸಿಮೆಣಸಿನಕಾಯಿ ಕಚ್ಚಿಕೊಂಡದ್ದಕ್ಕೂ ಇದನ್ನೇ ನೆಪ ಹೇಳುತ್ತೇನೆ. ಆದರೆ ಅದಕ್ಕೆ ಬಣ್ಣಗುರುಡೇ ಇರಬೇಕೆಂದೇನೂ ಇಲ್ಲ.

ಕಾರಣ ಸರಳ. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಬಣ್ಣ ಹಿಡಿಯುವ ಕೋನ್ ಕೋಶಗಳಿವೆ. ಸಾಮಾನ್ಯವಾಗಿ ಮೂರು ಬಗೆ. ಒಂದು ನೀಲಿಯ ಕಡೆಯ ಬೆಳಕಿಗೆ ಮಿಡಿಯುತ್ತದೆ. ಉಳಿದೆರಡು ಒಂದಕ್ಕೊಂದು ಬಹಳ ಹತ್ತಿರ. ಒಂದು ಸುಮಾರು 530 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ ಅತಿ ಹೆಚ್ಚು ಮಿಡಿದರೆ ಇನ್ನೊಂದು 560ರ ಆಸುಪಾಸಿನ ಬೆಳಕಿಗೆ. ಈ ಎರಡರ ವರದಿಯಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ನೋಡಿಯೇ ಮಿದುಳು ಕೆಂಪು-ಹಸಿರು ತೀರ್ಮಾನಿಸುವುದು. ನನ್ನಲ್ಲಿ 530ರದ್ದು 560ರ ಕಡೆಗೆ ಸರಿದುಬಿಟ್ಟಿದೆ. ಇಬ್ಬರು ಸಾಕ್ಷಿಗಳು ಅಕ್ಷರ ಬಿಡದೆ ಒಂದೇ ಹೇಳಿಕೆ ಕೊಟ್ಟರೆ ಕೋರ್ಟಿಗೆ ಹೊಸದಾಗಿ ಏನು ತಿಳಿಯುತ್ತದೆ ಹೇಳಿ? ನನ್ನ ಮಿದುಳಿನ ಪಾಡೂ ಅದೇ. ಇದಕ್ಕೆ ಡ್ಯೂಟರನೊಮಲಿ ಅನ್ನುತ್ತಾರೆ. ಬಣ್ಣಗುರುಡಿನಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಬಗೆ ಇದೇ. ನನ್ನದು ಸ್ವಲ್ಪ ಜೋರಾಗಿದೆ, ಅಷ್ಟೇ.

ಹೋರಿ ಬೆದರಿಸುವ ಹಬ್ಬ ನೋಡಿದವರು ಒಂದು ವಿಷಯ ತಿಳಿದಿರಲಿ. ಹೋರಿಗೂ ಹಸುವಿಗೂ ನಾಯಿಗೂ ಕೋನ್ ಎರಡೇ ಬಗೆ. ಕೆಂಪು ಬಟ್ಟೆ ಕಂಡು ಹೋರಿ ಕೆರಳುತ್ತದೆ ಅನ್ನುವುದು ಸುಮ್ನೆ. ಅದು ಕೆರಳುವುದು ಬಟ್ಟೆಯ ಅಲುಗಾಟಕ್ಕೆ. ಈ ವಿಷಯದಲ್ಲಿ ಹೋರಿಯೂ ನಾನೂ ಒಂದೇ ಪಕ್ಷ.

ಇದನ್ನು ಮೊದಲ ಸಲ ವಿಜ್ಞಾನದ ಕಣ್ಣಿನಿಂದ ಬರೆದಿಟ್ಟವರಲ್ಲಿ ಜಾನ್ ಡಾಲ್ಟನ್ ದೊಡ್ಡ ಹೆಸರು. ಶಾಲೆಯಲ್ಲಿ ಪರಮಾಣು ಸಿದ್ಧಾಂತದ ಜೊತೆ ಓದಿದ ಅದೇ ಡಾಲ್ಟನ್. ಜೆರೇನಿಯಂ ಹೂವೊಂದು ಅವರಿಗೆ ಹಗಲಿನಲ್ಲಿ ನೀಲಿಯಾಗಿ ಕಂಡದ್ದು, ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಬೇರೆಯೇ ಬಣ್ಣಕ್ಕೆ ತಿರುಗಿತಂತೆ. ಸುತ್ತಲಿನವರನ್ನು ಕೇಳಿದರೆ ಅವರಿಗೆಲ್ಲ ಹೂವು ಎರಡು ಹೊತ್ತೂ ಒಂದೇ ಥರ. ತನ್ನ ಅಣ್ಣನಿಗೆ ಮಾತ್ರ ತನಗೆ ಕಂಡಂತೆಯೇ ಕಾಣುತ್ತಿತ್ತು. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ ಸಂಘದಲ್ಲಿ ಡಾಲ್ಟನ್ ಈ ಬಗ್ಗೆ ಪ್ರಬಂಧ ಓದಿದರು. ತನ್ನ ಕಣ್ಣೊಳಗಿನ ದ್ರವ ನೀಲಿ ಬಣ್ಣದ್ದಿರಬೇಕು, ಅದು ಕೆಂಪನ್ನು ನುಂಗಿಹಾಕುತ್ತದೆ ಅನ್ನುವುದು ಅವರ ಊಹೆ. ತಾನು ಸತ್ತ ಮೇಲೆ ಕಣ್ಣು ತೆಗೆದು ಪರೀಕ್ಷಿಸಿ ಅಂತಲೂ ಹೇಳಿಟ್ಟಿದ್ದರು. 1844ರಲ್ಲಿ ಅವರು ತೀರಿಕೊಂಡಾಗ ವೈದ್ಯರು ಹಾಗೇ ಮಾಡಿದರು. ದ್ರವ ತಿಳಿಯಾಗಿಯೇ ಇತ್ತು. ಕಣ್ಣನ್ನು ಮಾತ್ರ ಎಸೆಯದೆ ಕಾದಿಟ್ಟಿದ್ದರು. 1995ರಲ್ಲಿ ಅದರ ಒಂದು ಚೂರಿನಿಂದ ಡಿಎನ್‌ಎ ತೆಗೆದು ನೋಡಿದಾಗ, ನನ್ನಲ್ಲಿ ಸರಿದಿರುವ ಕೋನ್ ಡಾಲ್ಟನ್ನರಲ್ಲಿ ಪೂರ್ತಿ ಇಲ್ಲವೇ ಇಲ್ಲ ಅಂತ ಗೊತ್ತಾಯಿತು. ಸತ್ತು ನೂರೈವತ್ತು ವರ್ಷ ಆದ ಮೇಲೆ ಬಂದ ಲ್ಯಾಬ್ ರಿಪೋರ್ಟ್!

ನಮ್ಮ ಮನೆಯಲ್ಲಿ ಇದು ಬಂದದ್ದು ಅಮ್ಮನ ಅಪ್ಪನಿಂದ. ಮೂಡಿಗೆರೆ ಕಡೆಯ ಅಜ್ಜ. ಅವರಿಗೆ ಯಾರೂ ಪರೀಕ್ಷೆ ಮಾಡಿರಲಿಲ್ಲ, ಮಾಡುವ ಪ್ರಸಂಗವೂ ಬಂದಿರಲಿಲ್ಲ. ಆದರೆ ಕಾಫಿ ಕುಯ್ಲಿನ ದಿನಗಳಲ್ಲಿ ಅವರನ್ನು ನೋಡಿದ್ದ ಯಾರಿಗಾದರೂ ಈಗ ಅದು ತಿಳಿದೀತು.

ಅರೇಬಿಕಾ ಒಂದೇ ಸಲಕ್ಕೆ ಹಣ್ಣಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಕೆಂಪು ಹಣ್ಣು, ಹಸಿರು ಕಾಯಿ, ಎರಡರ ನಡುವಿನದ್ದು ಎಲ್ಲ ಒತ್ತಿಕೊಂಡು ಕೂತಿರುತ್ತವೆ. ಹಣ್ಣನ್ನು ಮಾತ್ರ ಬಿಡಿಸಬೇಕು. ಕಾಯಿ ಸೇರಿದರೆ ಪಲ್ಪರಿನಲ್ಲಿ ಸರಿಯಾಗಿ ಸಿಪ್ಪೆ ಬಿಡುವುದಿಲ್ಲ, ರುಚಿಯೂ ಕೆಡುತ್ತದೆ. ಕುಯ್ಲಿಗೆ ಬಂದ ಹೆಂಗಸರು ಮಾತಾಡುತ್ತಲೇ, ಕಣ್ಣು ಎಲ್ಲೋ ಇಟ್ಟುಕೊಂಡೇ, ಹಣ್ಣು ಹಣ್ಣನ್ನೇ ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ಅಜ್ಜ ಗಿಡದ ಹತ್ತಿರ ನಿಂತರೆ ಕಥೆ ಬೇರೆ. ಒಂದೊಂದನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸ್ವಲ್ಪ ಒತ್ತಿ ನೋಡುವರು. ಮೆತ್ತಗಿದ್ದರೆ ಬುಟ್ಟಿಗೆ. ಕಲ್ಲಿನ ಹಾಗಿದ್ದರೆ ಅಲ್ಲೇ ಬಿಡುವರು. 'ನೀವು ಹಿಂಗೆ ಕುಯ್ದ್ರೆ ಶಿವರಾತ್ರಿ ಬರುತ್ತೆ' ಅಂತ ಅಜ್ಜಿ ಗದರುತ್ತಿದ್ದರು. 'ಕಣ್ಣು ಮೋಸ ಮಾಡುತ್ತೆ ಕಣೇ, ಕೈ ಮಾಡಲ್ಲ' ಅನ್ನುವುದು ಅಜ್ಜನ ಉತ್ತರ. ಅದನ್ನು ಎಲ್ಲರೂ ಅನುಭವಸ್ಥರ ಮಾತು ಅಂದುಕೊಂಡಿದ್ದರು. ಪಾಪ, ಅವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು ಅಷ್ಟೇ.

ಆದರೆ ಕಾಫಿ ಗಿಡದೊಳಗೆ ಹಸಿರು ಹಾವು ಇದ್ದರೆ ಮೊದಲು ಕಾಣುತ್ತಿದ್ದದ್ದು ಅಜ್ಜನಿಗೇ. ಎಲೆಯ ಹಸಿರಿನಲ್ಲಿ ಹಾವಿನ ಹಸಿರು ಕರಗಿಹೋಗಿ ಉಳಿದವರೆಲ್ಲ ಕೈ ಹಾಕುವಷ್ಟು ಹತ್ತಿರ ಹೋಗುತ್ತಿದ್ದರು. ಬಣ್ಣವನ್ನು ನಂಬದವರು ಆಕಾರ ನೋಡುತ್ತಾರೆ, ಹೊಳಪು ನೋಡುತ್ತಾರೆ, ಅಂಚು ನೋಡುತ್ತಾರೆ. ಬಣ್ಣದ ಗೊಂದಲದಲ್ಲಿ ಅಡಗಿಸಿಟ್ಟ ಆಕಾರಗಳನ್ನು ಕೆಂಪು-ಹಸಿರು ಕಾಣದವರು ಬೇರೆಯವರಿಗಿಂತ ಚೆನ್ನಾಗಿ ಗುರುತಿಸುತ್ತಾರೆ ಅಂತ ಪ್ರಯೋಗಗಳಲ್ಲೂ ಕಂಡುಬಂದಿದೆ. ಅಜ್ಜನಿಗೆ ಅದು ಗೊತ್ತಿದ್ದರೆ ಅಜ್ಜಿಗೆ ಕೊಡಲು ಇನ್ನೊಂದು ಉತ್ತರ ಸಿಗುತ್ತಿತ್ತು.

ಇದು ಅಜ್ಜನಿಂದ ನನಗೆ ಬಂದ ದಾರಿ ಸ್ವಲ್ಪ ಸೊಟ್ಟ. ಕೆಂಪು-ಹಸಿರಿನ ಆ ಎರಡು ಕೋನ್‌ಗಳ ಜೀನ್‌ಗಳು ಎಕ್ಸ್ ಕ್ರೋಮೋಸೋಮಿನ ಮೇಲೆ ಅಕ್ಕಪಕ್ಕದಲ್ಲೇ ಇವೆ, ಹೆಚ್ಚುಕಮ್ಮಿ ಒಂದೇ ಥರ ಇವೆ. ತದ್ರೂಪಿಗಳು ಪಕ್ಕಪಕ್ಕ ಇದ್ದರೆ ಆಗುವುದೇ ಇದು. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಸಾಲು ತಪ್ಪಿ ಒಂದು ಬಿಟ್ಟುಹೋಗುತ್ತದೆ, ಇಲ್ಲವೇ ಎರಡೂ ಬೆರೆತು ಮಿಶ್ರತಳಿ ಆಗುತ್ತದೆ. ಗಂಡಸಿಗೆ ಎಕ್ಸ್ ಒಂದೇ. ಅದು ಕೆಟ್ಟರೆ ಕೆಟ್ಟಿತು. ಹೆಂಗಸಿಗೆ ಎರಡು. ಒಂದು ಕೆಟ್ಟರೂ ಇನ್ನೊಂದು ಸಂಭಾಳಿಸುತ್ತದೆ. ಅದಕ್ಕೇ ಯುರೋಪ್ ಮೂಲದವರಲ್ಲಿ ಗಂಡಸರಿಗೆ ನೂರಕ್ಕೆ ಸುಮಾರು 8ರಷ್ಟು ಇದ್ದರೆ ಹೆಂಗಸರಿಗೆ ಇನ್ನೂರಕ್ಕೆ ಒಬ್ಬರಷ್ಟೇ. ನಮ್ಮ ದೇಶದ ಗಂಡಸರಲ್ಲಿ ಆ 8ಕ್ಕಿಂತ ಕಡಿಮೆ.

ಅಜ್ಜನ ಎಕ್ಸ್ ಗಂಡುಮಕ್ಕಳಿಗೆ ಹೋಗುವುದಿಲ್ಲ. ಹಾಗಾಗಿ ಮಾವಂದಿರು ಪಾರು. ಹೆಣ್ಣುಮಕ್ಕಳಿಗೆಲ್ಲ ಹೋಗುತ್ತದೆ, ಆದರೆ ಅವರಿಗೆ ತೊಂದರೆ ಕಾಣುವುದಿಲ್ಲ. ಅಮ್ಮ ಸೀರೆ ಅಂಗಡಿಯಲ್ಲಿ 'ಇದು ಗಿಣಿ ಹಸಿರಲ್ಲ, ಪಾಚಿ ಹಸಿರು' ಅಂತ ಅಂಗಡಿಯವನಿಗೇ ಪಾಠ ಹೇಳುವವರು. ಅಂಥವರ ಮಗನಿಗೆ ಇದು ಬರಲು ಅರ್ಧಕ್ಕರ್ಧ ಸಾಧ್ಯತೆ. ನನಗೆ ಬಂತು, ನನ್ನ ತಮ್ಮನಿಗೆ ಬರಲಿಲ್ಲ. ನನ್ನ ಮಗಳಿಗೆ ನನ್ನ ಎಕ್ಸ್ ಹೋಗಿಯೇ ಇದೆ. ಮುಂದೆ ಅವಳಿಗೆ ಮಗ ಹುಟ್ಟಿದರೆ ಮತ್ತೆ ಅದೇ ಅರ್ಧಕ್ಕರ್ಧ. ಆಸ್ತಿ ಹಂಚಿಕೆಗಿಂತ ಇದು ಎಷ್ಟೋ ನಿಖರ.

ನನಗೆ ಇದು ಅಧಿಕೃತವಾಗಿ ತಿಳಿದದ್ದು ಒಂದು ಕೆಲಸದ ಮೆಡಿಕಲ್‌ನಲ್ಲಿ. ಬಣ್ಣದ ಚುಕ್ಕೆಗಳ ಪುಸ್ತಕ ನೀವೂ ನೋಡಿರಬಹುದು. ಜಪಾನಿನ ವೈದ್ಯ ಶಿನೋಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಇಂದಿಗೂ ಅದೇ ನಡೆಯುತ್ತಿದೆ. ಮೊದಲ ಪುಟದ 12 ಎಲ್ಲರಿಗೂ ಕಾಣುತ್ತದೆ, ಪ್ರಶ್ನೆ ಅರ್ಥವಾಯಿತೋ ಇಲ್ಲವೋ ಅಂತ ನೋಡಲು ಇಟ್ಟದ್ದು. ಮುಂದೆ ಒಂದು ಪುಟದಲ್ಲಿ ನಿಮಗೆ 74 ಕಾಣುತ್ತದೆ, ನನಗೆ 21. ಇನ್ನು ಕೆಲವು ಪುಟಗಳಲ್ಲಿ ನನಗೆ ಬರೀ ಚುಕ್ಕೆ. ಪುಸ್ತಕದ ನಿಜವಾದ ಚಮತ್ಕಾರ ಅದರ ಕೆಲವು ಪುಟಗಳಲ್ಲಿದೆ: ಅಲ್ಲಿ ನಿಮಗೆ ಏನೂ ಕಾಣುವುದಿಲ್ಲ, ನನಗೆ ಅಂಕಿ ಕಾಣುತ್ತದೆ. ಸುಳ್ಳು ಹೇಳಿ ಪಾಸಾಗಲು ಬಂದವರನ್ನು ಹಿಡಿಯಲಿಕ್ಕೂ ಅವು ಒದಗುತ್ತವೆ. ಅಲ್ಲಿದ್ದ ಡಾಕ್ಟರು ನಾಲ್ಕೈದು ಪುಟ ಮಗುಚಿ, ತಲೆ ಎತ್ತದೆ ಏನೋ ಗೀಚಿ, 'ನೆಕ್ಸ್ಟ್' ಅಂದರು. ಏನಾಗಿದೆ, ಎಷ್ಟಾಗಿದೆ, ಬೇರೆ ಯಾವ ಕೆಲಸಕ್ಕೆ ಅಡ್ಡಿಯಿಲ್ಲ, ಒಂದು ಮಾತೂ ಇಲ್ಲ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಇಂಥ ಪರೀಕ್ಷೆಗಳಿಗೆ ರೈಲಿನದ್ದೇ ಹಿನ್ನೆಲೆ. 1875ರಲ್ಲಿ ಸ್ವೀಡನ್ನಿನ ಲಾಗರ್ಲುಂಡಾ ಬಳಿ ಎರಡು ರೈಲು ಡಿಕ್ಕಿ ಹೊಡೆದವು. ಉಪ್ಸಾಲಾದ ಪ್ರೊಫೆಸರ್ ಹೋಮ್‌ಗ್ರೆನ್ ಇದಕ್ಕೆ ಬಣ್ಣಗುರುಡೇ ಕಾರಣವಿರಬೇಕು ಅಂದರು. ಬಣ್ಣಬಣ್ಣದ ಉಣ್ಣೆ ನೂಲಿನ ಲಡಿಗಳನ್ನು ಕೊಟ್ಟು, ಹೊಂದುವುದನ್ನು ಆರಿಸಿ ಅನ್ನುವ ಪರೀಕ್ಷೆ ತಂದರು. ಅದು ರೈಲ್ವೆಗಳಲ್ಲಿ ಹರಡಿತು. ಆ ಅಪಘಾತಕ್ಕೆ ನಿಜವಾಗಿ ಅದೇ ಕಾರಣವಾಗಿತ್ತಾ ಅನ್ನುವುದನ್ನು ಇತ್ತೀಚಿನ ಸಂಶೋಧಕರು ಬಲವಾಗಿಯೇ ಪ್ರಶ್ನಿಸಿದ್ದಾರೆ. ಆದರೂ ರೈಲು ಓಡಿಸುವವರಿಗೆ ಪರೀಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ. ರಾತ್ರಿ, ಮಳೆ, ದೂರದಲ್ಲೊಂದೇ ದೀಪ, ಹಿಂದೆ ನೂರಾರು ಜನ. ಅಲ್ಲಿ ಊಹೆ ನಡೆಯುವುದಿಲ್ಲ. ನನ್ನ ತಕರಾರು ಬೇರೆ. ರೈಲಿನ ಕ್ಯಾಬಿನ್ನಿಗೆ ಬೇಕಾದ ಕಣ್ಣನ್ನೇ ಎಲ್ಲ ಕುರ್ಚಿಗೂ ಕೇಳುತ್ತಾ ಬಂದಿದ್ದಾರಲ್ಲ, ಅದು.

ಸ್ವಲ್ಪ ಸ್ವಲ್ಪ ಬದಲಾಗುತ್ತಿದೆ. ಎಂಬಿಬಿಎಸ್ ಸೀಟು ನಿರಾಕರಿಸಿದ ತ್ರಿಪುರಾದ ಪ್ರಕರಣ 2017ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ ವಿದ್ಯಾರ್ಥಿಗಳ ಪರ ಆಯಿತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಡ್ರೈವಿಂಗ್ ಲೈಸೆನ್ಸಿನ ಅರ್ಜಿ ನಮೂನೆಗಳನ್ನೇ ತಿದ್ದಿ, ಕಡಿಮೆ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡು ಇರುವವರಿಗೆ ದಾರಿ ಮಾಡಿಕೊಟ್ಟಿತು. ತೀವ್ರವಾಗಿ ಇರುವವರಿಗೆ ಈಗಲೂ ಇಲ್ಲ. 2022ರ ಏಪ್ರಿಲ್‌ನಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿಷಯದಲ್ಲೂ ಸುಪ್ರೀಂ ಕೋರ್ಟ್ ಇದೇ ದಿಕ್ಕಿನಲ್ಲಿ ಹೋಯಿತು. ಎಡಿಟಿಂಗ್ ಕಲಿಯಲು ಬಣ್ಣಗುರುಡು ಅಡ್ಡಿಯಾಗಬಾರದು, ಬೇಕಾದಲ್ಲಿ ಪಕ್ಕದವರ ನೆರವು ಪಡೆಯಬಹುದು ಅನ್ನುವ ಧಾಟಿ.

ಟ್ರಾಫಿಕ್ ಸಿಗ್ನಲ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಕೆಂಪು ಮೇಲೆ, ಹಸಿರು ಕೆಳಗೆ. ಜಾಗ ನೋಡಿ ಹೋಗುತ್ತೇನೆ. ಸಿಗ್ನಲ್ಲಿನ ಹಸಿರು ನನಗೆ ಬಿಳಿಚಿಕೊಂಡ ಹಾಗೆ ಕಾಣುವುದರಿಂದ ಕೆಂಪಿಗೂ ಅದಕ್ಕೂ ಜಗಳವಿಲ್ಲ. ಕಷ್ಟ ಕೊಡುವುದು ರಾತ್ರಿ ಹೊತ್ತು, ದೂರದಿಂದ. ಹಳೇ ಸೋಡಿಯಂ ಬೀದಿದೀಪಗಳ ಸಾಲಿನಲ್ಲಿ ಸಿಗ್ನಲ್ಲಿನ ಹಳದಿ ಯಾವುದು, ಬೀದಿದೀಪ ಯಾವುದು ಅನ್ನುವುದು. ಎಲ್‌ಇಡಿ ಬಂದ ಮೇಲೆ ಬೀದಿದೀಪಗಳು ಬೆಳ್ಳಗಾಗಿವೆ. ಈಗ ಅವು ಹಸಿರಿನ ಜೊತೆ ಕಲೆತುಕೊಳ್ಳುತ್ತವೆ!

ಸಿಗ್ನಲ್ಲಿಗಾದರೂ ಮೇಲೆ-ಕೆಳಗೆ ಅನ್ನುವುದಿದೆ. ಚಾರ್ಜರಿನ ದೀಪಕ್ಕೆ ಅದೂ ಇಲ್ಲ. ಒಂದೇ ಬಲ್ಬು, ಚಾರ್ಜ್ ಆಗುವಾಗ ಕೆಂಪು, ತುಂಬಿದ ಮೇಲೆ ಹಸಿರು. ಟ್ರಿಮ್ಮರ್, ಟಾರ್ಚ್, ಪವರ್ ಬ್ಯಾಂಕ್, ಎಲ್ಲದರದ್ದೂ ಇದೇ ಹಾಡು. ಮಗಳನ್ನು ಕರೆಯುತ್ತೇನೆ. ಅವಳು ಫೋನಿನಿಂದ ಕಣ್ಣು ತೆಗೆಯದೆ 'ಹಸಿರು ಅಪ್ಪಾ' ಅನ್ನುತ್ತಾಳೆ. ಅವಳು ನೋಡಿ ಹೇಳಿದಳೋ ಅಂದಾಜಿನ ಮೇಲೆ ಹೇಳಿದಳೋ ದೇವರೇ ಬಲ್ಲ. ಆಗುವಾಗ ಮಿನುಗಲಿ, ತುಂಬಿದ ಮೇಲೆ ನಿಲ್ಲಲಿ. ಅಷ್ಟೇ ಬೇಕಿರುವುದು.

2020ರ ಲಾಕ್‌ಡೌನಿನಲ್ಲಿ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ವಲಯ ಅಂತ ಮಾಡಿದ್ದು ನೆನಪಿದೆಯಾ? ಟಿವಿಯಲ್ಲಿ ದಿನವೂ ಕರ್ನಾಟಕದ ನಕ್ಷೆ. ಮೂರು ವಲಯಕ್ಕೆ, ಇರುವ ಬಣ್ಣಗಳಲ್ಲೆಲ್ಲ ನನಗೆ ಅತಿ ಕಷ್ಟವಾದ ಮೂರನ್ನೇ ಆರಿಸಿದ್ದರು. ಊರಿಗೆ ಹೋಗಬಹುದಾ ಇಲ್ಲವಾ ಅಂತ ನಕ್ಷೆ ನೋಡಿ ತಿಳಿಯಲಾಗದೆ ಕೆಳಗೆ ಓಡುವ ಅಕ್ಷರಗಳಿಗೆ ಕಾಯುತ್ತಿದ್ದೆ.

ವೈರಿಂಗ್ ಕೆಲಸವನ್ನು ನಾನು ಮುಟ್ಟುವುದಿಲ್ಲ. ಹಳೇ ಮನೆಗಳಲ್ಲಿ ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು. ಧೂಳು ಕೂತ ಕೆಂಪು, ಧೂಳು ಕೂತ ಹಸಿರು, ಬೇಡವೇ ಬೇಡ. ಹಸಿರಿನ ಮೇಲೆ ಹಳದಿ ಪಟ್ಟೆ ಇರುವ ಅರ್ಥ್ ವೈರ್ ಈಗ ಸಿಗುತ್ತದೆ. ಆ ಪಟ್ಟೆ ನನಗೆ ಸಲೀಸಾಗಿ ಗೊತ್ತಾಗುತ್ತದೆ.

ಕ್ರಿಕೆಟ್‌ನಲ್ಲೂ ಇದಿದೆ. ಹಸಿರು ಹುಲ್ಲಿನ ಮೇಲೆ ಉರುಳುವ ಕೆಂಪು ಚೆಂಡು ನನಗೆ ಟಿವಿಯಲ್ಲಿ ಆಗಾಗ ಮಾಯವಾಗುತ್ತದೆ. ಫೀಲ್ಡರ್ ಓಡುವ ದಿಕ್ಕು ನೋಡಿ ಚೆಂಡು ಹುಡುಕುತ್ತೇನೆ. ಹಾಗಿರುವಾಗ ಆಸ್ಟ್ರೇಲಿಯಾಕ್ಕೆ ಓಪನಿಂಗ್ ಆಡಿದ ಕ್ರಿಸ್ ರಾಜರ್ಸ್, ವಿಕೆಟ್‌ಕೀಪರ್ ಮ್ಯಾಥ್ಯೂ ವೇಡ್ ಇಬ್ಬರೂ ಬಣ್ಣಗುರುಡಿನವರು ಅಂದರೆ ನಂಬುತ್ತೀರಾ? ಗುಲಾಬಿ ಚೆಂಡಿನಿಂದ ತಮಗಾಗುವ ಕಷ್ಟವನ್ನು ಇಬ್ಬರೂ ಬಹಿರಂಗವಾಗಿಯೇ ಹೇಳಿದ್ದಾರೆ. 2022ರ ಮಾರ್ಚಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶ್ರೀಲಂಕಾ ಜೊತೆ ಗುಲಾಬಿ ಚೆಂಡಿನ ಟೆಸ್ಟ್ ನಡೆದಾಗ ಸುತ್ತಲಿನವರೆಲ್ಲ 'ಎಷ್ಟು ಚೆನ್ನಾಗಿ ಕಾಣುತ್ತೆ ಅಲ್ವಾ' ಅನ್ನುತ್ತಿದ್ದರು. ನಾನು ಎಂದಿನಂತೆ ಫೀಲ್ಡರನ್ನು ನೋಡುತ್ತಿದ್ದೆ.

ಕನ್ನಡಕ ಹಾಕಿಕೊಂಡರೆ ಸರಿಹೋಗುತ್ತಂತಲ್ಲ ಅನ್ನುವವರು ಬಹಳ. ಒಬ್ಬ ಅಪ್ಪ ಕನ್ನಡಕ ಹಾಕಿಕೊಂಡು ಮೊದಲ ಸಲ ಬಣ್ಣ ನೋಡಿ ಅಳುವ ವಿಡಿಯೊ ವಾಟ್ಸಾಪಿನಲ್ಲಿ ನನಗೆ ಬರುತ್ತಲೇ ಇರುತ್ತದೆ. ಆ ಕನ್ನಡಕಗಳು ಕೆಂಪು-ಹಸಿರಿನ ನಡುವಿನ ಒಂದಿಷ್ಟು ಬೆಳಕನ್ನು ಕತ್ತರಿಸಿ ಎರಡನ್ನೂ ದೂರ ಮಾಡುತ್ತವೆ. ನನ್ನಂಥ ಕೆಲವರಿಗೆ ಸ್ವಲ್ಪ ಗಾಢವಾಗಿ ಕಾಣಬಹುದು. ಒಂದು ಬಗೆಯ ಕೋನ್ ಪೂರ್ತಿ ಇಲ್ಲದವರಿಗೆ ಕನ್ನಡಕ ಅದನ್ನು ಎಲ್ಲಿಂದ ತರಬೇಕು? ಬೆಲೆಯೂ ಕಮ್ಮಿಯಲ್ಲ. ನಾನು ಕೊಂಡಿಲ್ಲ.

ನಿಜವಾದ ಬೆರಗು ಬೇರೆ ಕಡೆ ಇದೆ. 2009ರಲ್ಲಿ ಅಮೆರಿಕದ ಜೇ ಮತ್ತು ಮೌರೀನ್ ನೈಟ್ಜ್ ದಂಪತಿಯ ತಂಡ ಹುಟ್ಟಿನಿಂದ ಕೆಂಪು-ಹಸಿರು ಕಾಣದ ಅಳಿಲು ಕೋತಿಗಳ ಕಣ್ಣಿಗೆ ಬೇಕಾದ ಜೀನ್ ಸೇರಿಸಿತು. ಕೆಲವು ತಿಂಗಳಲ್ಲಿ, ಆಗಲೇ ಬೆಳೆದು ದೊಡ್ಡದಾಗಿದ್ದ ಆ ಕೋತಿಗಳು ಪರದೆಯ ಮೇಲಿನ ಹೊಸ ಬಣ್ಣಗಳನ್ನು ಗುರುತಿಸತೊಡಗಿದವು. ಅದರಲ್ಲಿ ಒಂದು ಕೋತಿಯ ಹೆಸರು ಡಾಲ್ಟನ್. ಮನುಷ್ಯರಿಗೆ ಈ ಚಿಕಿತ್ಸೆ ಇನ್ನೂ ಬಂದಿಲ್ಲ. ಬಂದರೆ ಹೋಗುತ್ತೀಯಾ ಅಂತ ತಮ್ಮ ಕೇಳಿದ. ಕಣ್ಣೊಳಗೆ ಸೂಜಿ ಚುಚ್ಚಿಸಿಕೊಂಡು ಮಾವಿನ ಚಿಗುರಿನ ಕೆಂಪು ನೋಡುವಷ್ಟು ಆಸೆ ನನಗಿಲ್ಲ ಅಂದೆ. ಆಸೆ ಸ್ವಲ್ಪ ಇದೆ. ಅವನಿಗೆ ಹೇಳಲಿಲ್ಲ.

ಸದ್ಯಕ್ಕೆ ನನ್ನ ತಲೆಯಲ್ಲಿರುವುದು ನಮ್ಮ ಮೆಟ್ರೋ. ಇಷ್ಟು ದಿನ ಏನೂ ತೊಂದರೆ ಇರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಕೂಡುವುದು ನೇರಳೆ ಮತ್ತು ಹಸಿರು. ನನಗೆ ಒಂದು ನೀಲಿ, ಇನ್ನೊಂದು ನೀಲಿ ಅಲ್ಲ. ಸಾಕು. ಆರ್.ವಿ. ರಸ್ತೆಯಲ್ಲಿ ಹತ್ತುವ ಹಳದಿ ಮಾರ್ಗ ಅರಿಸಿನದ ಹಾಗೆ ಹೊಳೆಯುತ್ತದೆ. ಆದರೆ ಏರ್‌ಪೋರ್ಟ್ ಕಡೆಗೆ ಕಟ್ಟುತ್ತಿರುವ ಮಾರ್ಗಕ್ಕೆ ನೀಲಿ ಅಂತ ಹೆಸರಿಟ್ಟಿದ್ದಾರೆ. ಅದು ಕೆ.ಆರ್. ಪುರದಲ್ಲಿ ಕೂಡುವುದು ಯಾವುದರ ಜೊತೆ ಹೇಳಿ? ನೇರಳೆಯ ಜೊತೆ. ನಕ್ಷೆಯಲ್ಲಿ ನನಗೆ ನೀಲಿಯೊಂದು ಬಂದು ಇನ್ನೊಂದು ನೀಲಿಗೆ ಸೇರಿಕೊಳ್ಳುತ್ತದೆ, ಎಲ್ಲಿ ಯಾವುದು ತಿರುಗಿತು ಅಂತ ಬೆರಳಿಟ್ಟು ಹುಡುಕಬೇಕು. ಗುಲಾಬಿ ಮಾರ್ಗದ ಗುಲಾಬಿ ಎಷ್ಟು ತಿಳಿ ಅನ್ನುವುದರ ಮೇಲೆ ಅದರ ಹಣೆಬರಹ.

ಟೋಕಿಯೋದ ಸಬ್‌ವೇಯಲ್ಲಿ ಪ್ರತಿ ಮಾರ್ಗಕ್ಕೆ ಬಣ್ಣದ ಜೊತೆ ಒಂದು ಅಕ್ಷರ, ಪ್ರತಿ ಸ್ಟೇಷನ್ನಿಗೆ ಒಂದು ಅಂಕಿ ಇದೆ. 2004ರಿಂದ ಹಾಗೆ. ಲಂಡನ್ನಿನಲ್ಲಿ ಬಣ್ಣವಿಲ್ಲದ ಕಪ್ಪು-ಬಿಳುಪು ನಕ್ಷೆಯನ್ನೂ ಕೊಡುತ್ತಾರೆ. ಜಪಾನೀಸ್ ಬಾರದವರೂ ಸೂಟ್‌ಕೇಸ್ ಎಳೆದುಕೊಂಡು ಓಡುವವರೂ ಆ ಅಕ್ಷರ ನೋಡಿಯೇ ದಾರಿ ಹಿಡಿಯುತ್ತಾರೆ, ಅವರ ಕಣ್ಣಿಗೆ ಏನೂ ಆಗಿರುವುದಿಲ್ಲ. ನಮ್ಮಲ್ಲೂ ಹಾಗೇ ಮಾಡಬಹುದು ಅಂತ ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ಕನ್ನಡದಲ್ಲೇ ಇಡಲಿ, ಮಾರ್ಗದ ಹೆಸರಿನ ಮೊದಲ ಅಕ್ಷರ ಅಂದೆ. ಮಗಳು ಪೇಪರಿನ ಅಂಚಿನಲ್ಲಿ ನೇರಳೆಗೆ 'ನೇ' ಬರೆದಳು, ನೀಲಿಗೆ 'ನೀ' ಬರೆದಳು. ಎರಡನ್ನೂ ಪಕ್ಕಪಕ್ಕ ಇಟ್ಟು ದೂರದಿಂದ ತೋರಿಸಿ, 'ಈಗ ಹೇಳಿ ಅಪ್ಪಾ, ಯಾವುದು ಏರ್‌ಪೋರ್ಟಿಗೆ?' ಅಂದಳು. ಅಕ್ಷರ ಬೇಡ, 1, 2, 3 ಅಂತ ಅಂಕಿಯನ್ನೇ ಕೊಡಲಿ.